ಅತ್ತೆಯ ಬಾಯಲ್ಲಿ ಬೆಳೆದ ಕೊತ್ತಂಬರಿ

ನಮ್ಮ ಮನೆಯಲ್ಲಿ ಯಾರಿಗಾದರೂ ಸೀನು ಬಂದರೆ ಅವರು ಮೊದಲು ನಾನು ಎಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತಾರೆ. ಆ ಸೀನು ನನ್ನ ಕಿವಿಗೆ ಬಿತ್ತೆಂದರೆ ಮುಂದಿನ ಹಬ್ಬಕ್ಕೆ ನೆಂಟರ ಮುಂದೆ ಮರಳಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬ್ಯಾಂಕಿನವರ ಜತೆ ಮಾತಾಡುವಾಗ ಮಾತ್ರ ಅಪ್ಪನಿಗೆ ಬರುವ ನಯವಾದ ದನಿ, ಮುಳಬಾಗಿಲು ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಒಂದು ಕಾಲು ತೂಗಿಬಿಟ್ಟು ಕೂಗುವ ರಾಗ, ಟೊಮೆಟೊ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು ಕದ್ದು ಉಸಿರು ತೆಗೆದುಕೊಳ್ಳುವ ಜಾಗ, ಇವೆಲ್ಲ ನನ್ನ ಸ್ವಯಾರ್ಜಿತ ಆಸ್ತಿ. ನನ್ನನ್ನೂ ನಾನು ಬಿಟ್ಟಿಲ್ಲ. ಹುಡುಗಿಯರು ಎದುರಿಗೆ ಬಂದಾಗ ಹೊಟ್ಟೆ ಒಳಗೆಳೆದುಕೊಂಡು, ಎದೆ ಸೆಟೆಸಿಕೊಂಡು, ಎಲ್ಲಿಗೋ ತುರ್ತಾಗಿ ಹೋಗಬೇಕಾದವನಂತೆ ನಾನು ನಡೆಯುವುದನ್ನು ನಾನೇ ಮಾಡಿ ತೋರಿಸಿದಾಗ ಕಾಲೇಜಿನಲ್ಲಿ ಶಿಳ್ಳೆ ಬೀಳುತ್ತಿತ್ತು.

ಆದರೆ ನೆಂಟರಿಷ್ಟರಲ್ಲಿ ನನ್ನ ಹೆಸರು ನಿಂತಿರುವುದು ಅತ್ತೆಯ ಮೇಲೆ. ಅತ್ತೆ ಅಂದರೆ ಅಪ್ಪನ ಅಕ್ಕ. ಅವಳ ಊರು ಮುಳಬಾಗಿಲು ದಾಟಿ, ಆಂಧ್ರ ಇನ್ನೇನು ಬಂದೇಬಿಟ್ಟಿತು ಎನ್ನುವಲ್ಲಿದೆ. ಮಾತನ್ನು ಕನ್ನಡದಲ್ಲಿ ಶುರು ಮಾಡಿ, ತೆಲುಗಿನಲ್ಲಿ ಬೈದು, ಮತ್ತೆ ಕನ್ನಡದಲ್ಲಿ ಊಟಕ್ಕೆ ಕರೆಯುತ್ತಾಳೆ. ಮನೆಯ ಹಿಂದಿನ ತುಂಡು ಹೊಲದಲ್ಲಿ ವರ್ಷವಿಡೀ ಸೊಪ್ಪು ಬೆಳೆದು ಸಂತೆಗೆ ಹಾಕುತ್ತಾಳೆ, ಅದರಲ್ಲೂ ಕೊತ್ತಂಬರಿ. ಲೋಕದ ಯಾವ ಸಂಗತಿಯನ್ನಾದರೂ ಎಳೆದು ತಂದು ಕೊತ್ತಂಬರಿಗೆ ಕಟ್ಟಿಹಾಕುವುದು ಅವಳ ಅಭ್ಯಾಸ. ಮದುವೆಯ ಮಾತು ಬಂದರೂ ಕೊತ್ತಂಬರಿ, ಎಲೆಕ್ಷನ್ ಮಾತು ಬಂದರೂ ಕೊತ್ತಂಬರಿ. ಎಡಗೈ ಸೊಂಟದ ಮೇಲೆ, ಬಲಗೈಯ ತೋರುಬೆರಳು ಎದುರಿಗಿರುವವರ ಮೂಗಿನ ಹತ್ತಿರ, ದನಿ ಮಾತ್ರ ಆಚೆ ಬದುವಿನಲ್ಲಿ ನಿಂತವರಿಗೂ ಕೇಳುವಷ್ಟು. "ಬೆಳಗಿನ ಬಿಸ್ಲು ತಾಯಿ ಕಣ್ರಾ, ಮದ್ಯಾನದ ಬಿಸ್ಲು ಸವತಿ." ಇದು ಸೊಸೆಯರಿಗೆ ಹೇಳುವ ಬುದ್ಧಿವಾದವೋ ಸೊಪ್ಪಿನ ಸಮಾಚಾರವೋ ಎಂದು ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ನಾನು ಅದನ್ನು ಮಾಡಿದಾಗ ಜನ ಎಲೆಯ ಮುಂದೆ ಕೂತು ಪಾಯಸ ನೆತ್ತಿಗೇರಿಸಿಕೊಳ್ಳುತ್ತಿದ್ದರು.

ಒಂದೇ ನಿಯಮ. ಅತ್ತೆ ಇದ್ದಾಗ ಅತ್ತೆಯನ್ನು ಮಾಡುವಂತಿಲ್ಲ.

ಕಳೆದ ಯುಗಾದಿಗೆ ಆ ನಿಯಮ ಮುರಿಯಿತು. ಅಕ್ಕ ಬಾಣಂತನಕ್ಕೆ ಬಂದು ಒಳಕೋಣೆಯಲ್ಲಿದ್ದಳು. ಕಿವಿಗೆ ಬಟ್ಟೆ, ಹೊಟ್ಟೆಗೆ ಬಟ್ಟೆ, ಪಕ್ಕದಲ್ಲಿ ಬಟ್ಟೆ ಸುತ್ತಿದ ಕೂಸು. ಬಾಣಂತಿ ಮೊಬೈಲು ನೋಡಿದರೆ ಕಣ್ಣು ಹಾಳಾಗುತ್ತದೆಂದು ಅಮ್ಮ ಅದನ್ನೂ ಕಿತ್ತಿಟ್ಟಿದ್ದಳು. ಹಾಗಾಗಿ ಅಕ್ಕನಿಗೆ ಟೀವಿ, ಸಿನಿಮಾ, ಊರಿನ ಸುದ್ದಿ ಎಲ್ಲವೂ ನಾನೇ. ಕೂಸನ್ನು ನೋಡಲು ಬಂದಿದ್ದ ಅತ್ತೆ ಎಲೆ ಅಡಿಕೆ ತರಲು ಮೂಲೆಯ ಅಂಗಡಿಗೆ ಹೋಗಿದ್ದಳು. ಅಷ್ಟರಲ್ಲಿ ಒಂದು ಸಣ್ಣ ಪ್ರದರ್ಶನ ಮುಗಿಸಿಬಿಡೋಣ ಎಂದು ನಾನು ಸೊಂಟದ ಮೇಲೆ ಕೈಯಿಟ್ಟು, ಕೂಸಿನ ಮೂಗಿಗೆ ಬೆರಳು ತೋರಿಸುತ್ತ, ಕೊತ್ತಂಬರಿಗೆ ನೀರು ಕುಡಿಸಬೇಕೇ ಹೊರತು ಸ್ನಾನ ಮಾಡಿಸಬಾರದು ಎಂದು ಉಪದೇಶ ಕೊಡುತ್ತಿದ್ದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಇದ್ದಕ್ಕಿದ್ದಂತೆ ಇಬ್ಬರ ನಗುವೂ ಒಟ್ಟಿಗೆ ನಿಂತಿತು. ಇಷ್ಟು ವರ್ಷದ ಅನುಭವದಲ್ಲಿ ಅದರ ಅರ್ಥ ನನಗೆ ತಿರುಗಿ ನೋಡದೆಯೇ ಗೊತ್ತು.

ಅತ್ತೆ ಬೈಯಲಿಲ್ಲ. ಎಲೆಯ ಕಟ್ಟನ್ನು ಅಮ್ಮನ ಕೈಗೆ ಕೊಟ್ಟು, ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಸಂತೆಯಲ್ಲಿ ಬಾಡಿದ ಸೊಪ್ಪನ್ನು ನೋಡುವ ನೋಟ.

"ನನ್ನ ಬಾಯಿ ಆಡಿಸ್ತೀಯ, ಸರಿ. ನನ್ನ ಕೈ ಆಡಿಸು ನೋಡಾಣ."

ಷರತ್ತು ಅಲ್ಲೇ, ಕೂಸಿನ ಮುಂದೆ ಆಯಿತು. ಕೂಸಿನ ನಾಮಕರಣ ಬೇಸಿಗೆಯ ಕೊನೆಗೆ. ಆ ದಿನಕ್ಕೆ ನಾನು ನಮ್ಮ ಮನೆಯ ತಾರಸಿಯ ಮೇಲೆ ನನ್ನ ಕೈಯಾರೆ ಒಂದು ಕಟ್ಟು ಕೊತ್ತಂಬರಿ ಬೆಳೆದಿರಬೇಕು. ಬೆಳೆದರೆ ಅವಳನ್ನು ಎಲ್ಲಿ ಬೇಕಾದರೂ ಆಡಿಕೊಳ್ಳಬಹುದು. ಬೆಳೆಯದಿದ್ದರೆ ಅವಳ ಮಾತು ನನ್ನ ಬಾಯಲ್ಲಿ ಜನ್ಮದಲ್ಲಿ ಬರಕೂಡದು. ಕಟ್ಟು ಎಂದರೆ ಎಷ್ಟು ಎಂದು ಕೇಳಿದ್ದಕ್ಕೆ ಅಂಗೈ ಮುಂದೆ ಮಾಡಿ ತೋರಿಸಿದಳು: ಹಿಡಿದಾಗ ಹೆಬ್ಬೆರಳೂ ನಡುಬೆರಳೂ ಒಂದಕ್ಕೊಂದು ಮುಟ್ಟಬಾರದು, ಮುಟ್ಟಿದರೆ ಅದು ಕಟ್ಟಲ್ಲ, ಕಳ್ಳ ವ್ಯಾಪಾರ.

ನಾನು ಒಪ್ಪಿಕೊಂಡೆ. ಸೊಪ್ಪು ತಾನೆ, ಏನು ಮಹಾ ಎಂಬ ಧೈರ್ಯ. ಬೇಸಿಗೆಯಲ್ಲಿ ತಳ್ಳುಗಾಡಿಯವನು ಕೊತ್ತಂಬರಿ ಕೇಳಿದರೆ ಮುಖ ಆ ಕಡೆ ತಿರುಗಿಸುತ್ತಾನೆ ಎನ್ನುವುದನ್ನು ನಾನು ಅವನ ಮುಖ ಮಾಡಿ ತೋರಿಸಲು ಬಳಸಿಕೊಂಡಿದ್ದೆನೇ ಹೊರತು ಯಾಕೆ ತಿರುಗಿಸುತ್ತಾನೆ ಎಂದು ಯೋಚಿಸಿರಲಿಲ್ಲ. ಅತ್ತೆ ಬಸ್ಸು ಹತ್ತಿ ಹೋದಮೇಲೆ ಅಕ್ಕ ನನ್ನನ್ನು ಕರೆದು, ನೀನು ಸೋತರೆ ನಾನು ಈ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು, ಗೆದ್ದುಕೊಂಡು ಬಾ ಎಂದಳು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ನಷ್ಟವಿತ್ತು. ಅತ್ತೆಯಿಲ್ಲದ ನನ್ನ ಆಟ ಸಾರಿಲ್ಲದ ಮುದ್ದೆ. ನುಂಗಬಹುದು, ಯಾರೂ ಇನ್ನೊಂದು ತುತ್ತು ಕೇಳುವುದಿಲ್ಲ.

ಮಾರ್ಕೆಟ್ಟಿನಿಂದ ಅಂಚು ಒಡೆದ ಟೊಮೆಟೊ ಕ್ರೇಟೊಂದನ್ನು ತಂದೆ. ಒಳಗೆ ಗೋಣಿಚೀಲ ಹಾಸಿ ಮಣ್ಣು ತುಂಬಿದೆ. ಹುತ್ತೂರಿನ ಗೆಳೆಯನ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ, ಅವನು ಹುಳುಗಳ ಹಿಕ್ಕೆಯನ್ನು ಒಂದು ಚೀಲ ಕೊಟ್ಟ, ಗೊಬ್ಬರಕ್ಕೆ. ಬೀಜಕ್ಕೆ ಯಾಕೆ ದೂರ ಹೋಗಬೇಕು ಎಂದು ಅಡುಗೆಮನೆಯ ಡಬ್ಬದಿಂದ ಒಂದು ಹಿಡಿ ಧನಿಯ ಎತ್ತಿ ಚೆಲ್ಲಿದೆ. ದಿನಾ ಬೆಳಿಗ್ಗೆ ಸಂಜೆ ನೀರು. ಮೊಬೈಲಿನಲ್ಲಿ ತೋಟದ ವಿಡಿಯೋ ಮಾಡುವವನೊಬ್ಬನ "ಹಾಯ್ ಫ್ರೆಂಡ್ಸ್" ನನಗೆ ಒಂದೇ ದಿನದಲ್ಲಿ ಬಂತು. ಅವನ ಗಿಡಗಳು ಬರಲಿಲ್ಲ. ಒಂದು ವಾರ ಹೋಯಿತು. ಇನ್ನೊಂದು ವಾರವೂ ಹೋಯಿತು. ಮಣ್ಣು ಮಾತ್ರ ತಣ್ಣಗೆ, ಸುಖವಾಗಿ, ಯಾವ ಹೆರಿಗೆಯ ಲಕ್ಷಣವೂ ಇಲ್ಲದೆ ಮಲಗಿತ್ತು.

ಬಟ್ಟೆ ಒಣಗಿಹಾಕಲು ಬಂದ ಅಮ್ಮ ಕ್ರೇಟಿನ ಮುಂದೆ ನಿಂತು, ಬೀಜ ಯಾವುದು ಹಾಕಿದೆ ಎಂದು ಕೇಳಿದಳು. ಹೇಳಿದೆ. ಅವಳು ಒದ್ದೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಮಣ್ಣಿನಿಂದ ಒಂದು ಕಾಳು ಕೆದಕಿ ತೆಗೆದು ಮೂಸಿದಳು. ನಮ್ಮ ಮನೆಯಲ್ಲಿ ಧನಿಯ ಅಂಗಡಿಯಿಂದ ಬಂದ ದಿನವೇ ಬಾಣಲೆಗೆ ಬೀಳುತ್ತದೆ. ಹುಳು ಹಿಡಿಯದಿರಲಿ ಎಂದು ಬೆಚ್ಚಗೆ ಹುರಿದು ಡಬ್ಬಕ್ಕೆ ಹಾಕುವುದು ಅಜ್ಜಿಯ ಕಾಲದ ಪದ್ಧತಿ. ಅಂದರೆ ನಾನು ಎರಡು ವಾರದಿಂದ ಹುರಿದ ಕಾಳಿಗೆ ಭಕ್ತಿಯಿಂದ ನೀರೆರೆಯುತ್ತಿದ್ದೆ. ಮೊದಲೇ ಹೇಳಬಾರದಿತ್ತಾ ಎಂದರೆ, ಡಬ್ಬಕ್ಕೆ ಕೈಹಾಕಿದ್ದು ನೋಡಿ ಏನೋ ಸಾರು ಮಾಡ್ತಾನೆ ಅಂದ್ಕೊಂಡೆ ಕಣೋ ಎಂದಳು. ನನ್ನ ಹುಟ್ಟಿನಿಂದ ನಾನು ಒಂದು ದಿನವೂ ಸಾರು ಮಾಡಿದವನಲ್ಲ. ತಾಯಿಯ ನಂಬಿಕೆ ದೊಡ್ಡದು.

ಬೀಜದಂಗಡಿಯಿಂದ ಹಸಿ ಕಾಳು ತಂದೆ. ಅದನ್ನು ಒಡೆದು ಎರಡು ಹೋಳು ಮಾಡಿ ಬಿತ್ತಬೇಕು ಎಂದು ಅಂಗಡಿಯವನು ಹೇಳಿ ಕಳಿಸಿದ. ಎಲ್ಲರೂ ಮಾಡುವಂತೆ ನೆಲದ ಮೇಲೆ ಹರವಿ ಚಪ್ಪಲಿಯಲ್ಲಿ ಉಜ್ಜಲು ಹೋದರೆ ಅಮ್ಮ ಅಡ್ಡ ನಿಂತಳು. ಅನ್ನದ ಜತೆ ಹೊಟ್ಟೆಗೆ ಹೋಗುವ ಪದಾರ್ಥ, ಚಪ್ಪಲಿ ಮುಟ್ಟಿಸಿದರೆ ಆ ಸೊಪ್ಪು ಅವಳ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕೊಡು ಇಲ್ಲಿ ಎಂದು ತಾನೇ ಕಿತ್ತುಕೊಂಡು ಕುಟ್ಟಾಣಿಗೆ ಹಾಕಿದಳು. ಅವಳ ಕೈಗೆ ಧನಿಯ ಕುಟ್ಟುವುದು ಎಂದರೆ ಒಂದೇ ಗೊತ್ತು. ನಾನು ಬೇಡ ಸಾಕು ಎನ್ನುವಷ್ಟರಲ್ಲಿ ಸಾರಿನ ಪುಡಿ ತಯಾರಾಗಿತ್ತು. ಒಳಕೋಣೆಯಿಂದ ಅಕ್ಕ, ಘಮ ಚೆನ್ನಾಗಿದೆ, ಮೆಣಸಿನಕಾಯಿಯನ್ನೂ ಹಾಕಿಬಿಡಿ ಎಂದು ಕೂಗಿದಳು.

ಆ ಸಂಜೆ ನಾನು ಅಕ್ಕನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದೆ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಅಕ್ಕ, ಸೋಲುವುದು ಹೇಗೂ ಸೋಲುತ್ತೀಯ, ಬಾಯಿ ಮುಚ್ಚುವ ಮುಂಚೆ ಕೊನೆಯದಾಗಿ ಒಂದು ಸಲ ಅತ್ತೆಯನ್ನು ಮಾಡು ಎಂದಳು. ನನಗೆ ಮನಸ್ಸಿರಲಿಲ್ಲ. ಆದರೂ ಕಸುಬುದಾರನ ಕೈ ಸೊಂಟಕ್ಕೆ ತಾನಾಗಿ ಹೋಯಿತು. ಹಳೆಯ ಸರಕನ್ನೇ ತೆಗೆದೆ.

"ಕಾಳು ಎರಡಾಗ್ಬೇಕ್ರಾ, ಪುಡಿ ಆಗ್ಬಾರ್ದು. ಮಣೆ ಕೆಳಗಿಟ್ಟು ಮೆತ್ತಗೆ ಉಜ್ಜು, ಕೂಸಿನ ಬೆನ್ನು ಉಜ್ಜಿದಂಗೆ."

ಅಕ್ಕ ನಗಲಿಲ್ಲ. ಅವಳ ಕೈ ಕೂಸಿನ ಬೆನ್ನ ಮೇಲೆಯೇ ನಿಂತಿತು. ನನ್ನ ಬೆರಳೂ ಗಾಳಿಯಲ್ಲಿ ನಿಂತಿತು. ನಾನು ಈ ಮಾತನ್ನು ಎಷ್ಟೋ ಮದುವೆಗಳಲ್ಲಿ, ಗೃಹಪ್ರವೇಶಗಳಲ್ಲಿ ಆಡಿದ್ದೇನೆ. ಎಲ್ಲಿ ಎಳೆಯಬೇಕು, ಎಲ್ಲಿ ತುಂಡು ಮಾಡಬೇಕು, ಯಾವ ಅಕ್ಷರಕ್ಕೆ ತೆಲುಗಿನ ಒಗ್ಗರಣೆ ಹಾಕಬೇಕು ಎಲ್ಲ ಗೊತ್ತಿತ್ತು. ಮಾತು ಏನು ಹೇಳುತ್ತಿದೆ ಎಂದು ಮಾತ್ರ ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. "ಇನ್ನೂ ಏನೇನು ಅಂತಾಳೆ ಮಾಡೋ," ಎಂದಳು ಅಕ್ಕ, ಈಗ ಪರೀಕ್ಷೆಗೆ ಓದುವವಳ ದನಿಯಲ್ಲಿ.

ಮಾಡಿದೆ. ಒಂದೊಂದೇ ಹೊರಬಂತು. ಹುಟ್ಟಿದ ಕಡೆ ಬಿಡಬೇಕು, ಕಿತ್ತು ಬೇರೆ ಕಡೆ ನೆಟ್ಟರೆ ಕೊತ್ತಂಬರಿ ಮುನಿಸಿಕೊಳ್ಳುತ್ತದೆ. ಬಿತ್ತುವ ಮುಂಚೆ ಹೋಳುಗಳು ರಾತ್ರಿಯಿಡೀ ನೀರಲ್ಲಿ ನೆನೆಯಬೇಕು. ತಾಯಿ ಬಿಸಿಲು, ಸವತಿ ಬಿಸಿಲು. ಕುಡಿಸುವ ನೀರು, ಸ್ನಾನದ ನೀರು. ಅವಳನ್ನು ಹಂಗಿಸಲೆಂದು ಕೂಡಿಟ್ಟುಕೊಂಡಿದ್ದ ಮಾತಿನಲ್ಲಿ ಒಂದು ಇಡೀ ಬೆಳೆ ಕೂತಿತ್ತು.

ಮಾರನೆಯ ದಿನ ಮತ್ತೆ ತಂದ ಹಸಿ ಕಾಳು ಮಣೆಯ ಕೆಳಗೆ ಎರಡೆರಡಾಗಿ ಬಿಚ್ಚಿಕೊಂಡವು. ಅಮ್ಮನಿಗೂ ಮಣೆಯ ಬಗ್ಗೆ ತಕರಾರಿರಲಿಲ್ಲ. ಬಿತ್ತಿದೆ. ಅಂದಿನಿಂದ ದಿನಾ ಬೆಳಿಗ್ಗೆ ತಾರಸಿಗೆ ಹೋಗಿ, ಕ್ರೇಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಮೊದಲು ಅತ್ತೆಯ ದನಿಯಲ್ಲಿ ನನಗೆ ಅಪ್ಪಣೆ ಕೊಡುವುದು, ಆಮೇಲೆ ನನ್ನ ದನಿಯಲ್ಲಿ ಆಯ್ತು ಅತ್ತೆ ಎಂದು ಕೆಲಸ ಮಾಡುವುದು. ಹೀಗೆ ಇಬ್ಬರ ದನಿಯಲ್ಲಿ ಒಬ್ಬನೇ ಬೈದುಕೊಳ್ಳುತ್ತಿದ್ದಾಗ ಒಂದು ಬೆಳಿಗ್ಗೆ ಪಕ್ಕದ ತಾರಸಿಯಿಂದ ನೆರೆಮನೆಯ ಖಾಲಾ ತಲೆ ಹಾಕಿದರು. ನಮ್ಮ ಎರಡೂ ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೆ. ಖಾಲಾ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ನಾನು ಹುಟ್ಟುವ ಮುಂಚಿನಿಂದ ಅತ್ತೆಯ ಸ್ನೇಹಿತೆ, ಅವಳನ್ನು ಕರೆಯುವುದು ಆಪಾ ಎಂದೇ.

"ಆಪಾ ಆಯೇ ಕ್ಯಾ ಬೇಟಾ?" ಎಂದು ಕೇಳುತ್ತ, ಅತ್ತೆಗೆಂದು ಚಹಾದ ಲೋಟವನ್ನೂ ಹಿಡಿದೇ ಬಂದಿದ್ದರು. ಅಲ್ಲಿ ಅತ್ತೆ ಇರಲಿಲ್ಲ, ಲುಂಗಿ ಉಟ್ಟ ಅತ್ತೆ ಒಬ್ಬ ಇದ್ದ. ಚಹಾ ನಾನೇ ಕುಡಿದೆ. ಷರತ್ತಿನ ಕಥೆ ಕೇಳಿ ಖಾಲಾ ಗೋಡೆಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಮಾರನೆಯ ದಿನವೇ ಅಮ್ಮನ ಹಳೆಯ ನೂಲಿನ ಸೀರೆಯೊಂದರ ಅಂಚಿಗೆ ಕುಣಿಕೆ ಹೊಲಿದು ತಂದರು. ಬಟ್ಟೆ ಒಣಗಿಸುವ ತಂತಿಗೆ ಅದನ್ನು ಕಟ್ಟಿದರೆ ಮಧ್ಯಾಹ್ನದ ಸವತಿ ಕ್ರೇಟಿನ ಹತ್ತಿರ ಸುಳಿಯುವಂತಿರಲಿಲ್ಲ. ಮೊಳಕೆ ಬಂತು. ಮೊದಲು ಹುಲ್ಲಿನಂತೆ ಎರಡೆರಡು ಉದ್ದ ಎಲೆ, ಆಮೇಲೆ ಅಂಚು ಕತ್ತರಿಸಿದ ನಿಜವಾದ ಎಲೆ. ಬೆರಳಿಗೆ ತಾಗಿದರೆ ಮೂಗಿಗೆ ಏರುತ್ತಿತ್ತು. ನಾನು ಬೀದಿಯಲ್ಲಿ ಎದೆ ಸೆಟೆಸಿ ನಡೆಯುವುದು ಇನ್ನೂ ಸ್ವಲ್ಪ ಜಾಸ್ತಿಯಾಯಿತು. ಅದನ್ನೂ ಅಕ್ಕನಿಗೆ ಮಾಡಿ ತೋರಿಸಿದೆ.

ಕೀಳಲು ಸರಿಯಾಗಿ ಸಮಯ ಬಂದಾಗ ಭಾವನ ಮನೆಯಿಂದ ಫೋನು ಬಂತು. ಯಾರಿಗೋ ಮೈಲಿಗೆ, ನಾಮಕರಣ ಒಂದು ವಾರ ಮುಂದಕ್ಕೆ ಹೋಗಿದೆ. ಆ ವಾರ ನಮ್ಮ ಕೋಲಾರದಲ್ಲಿ ಗಾಳಿಯೇ ಬಾಣಲೆಯಿಂದ ಎದ್ದು ಬರುತ್ತಿತ್ತು. ಫೋನು ಬಂದ ಮಾರನೆಯ ದಿನ ನೋಡುತ್ತೇನೆ, ಕ್ರೇಟಿನ ನಡುವಿನಿಂದ ದಂಟುಗಳು ತಲೆಯೆತ್ತಿವೆ, ಅವುಗಳ ಎಲೆ ನೂಲಿನಂತೆ ಸಣ್ಣಗಾಗಿದೆ. "ಬಿಸ್ಲು ತಾಗಿದ್ರೆ ಕೊತ್ಮೀರಿಗೆ ಮದ್ವೆ ಆತುರ ರಾ" ಎಂದು ಅತ್ತೆ ಹೇಳುತ್ತಿದ್ದದ್ದು ಇದನ್ನೇ. ಹೂವಿಗೆ ಬಂದರೆ ಸೊಪ್ಪು ಮುಗಿಯಿತು. ಈಗಲೇ ಕಿತ್ತರೆ ನಾಮಕರಣದ ಹೊತ್ತಿಗೆ ಒಣಹುಲ್ಲು.

ಸೊಂಟದ ಮೇಲೆ ಕೈಯಿಟ್ಟು ನಿಂತೆ. ಮುಂದೇನು ಮಾಡಬೇಕು ಎನ್ನುವುದಕ್ಕೆ ಅತ್ತೆಯ ಮಾತು ಯಾವುದೂ ಬರಲಿಲ್ಲ. ಅವಳ ಹೊಲದಲ್ಲಿ ಸೊಪ್ಪು ಅಷ್ಟು ಹೊತ್ತು ಕಾಯುವುದಿಲ್ಲ, ಕಿತ್ತು ಸಂತೆಗೆ ಹೋಗಿಬಿಡುತ್ತದೆ. ಹಾಗಾಗಿ ಅವಳು ಅದನ್ನು ಹೇಳಿಯೇ ಇರಲಿಲ್ಲ, ನಾನು ಕದ್ದಿರಲೂ ಇಲ್ಲ. ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಅಲ್ಲಿಗೆ ಸೋತಂತೆ. ಸುಮ್ಮನೆ ನಿಂತು, ಅವಳ ಕಣ್ಣಲ್ಲಿ ಆ ಕ್ರೇಟನ್ನು ನೋಡಿದೆ. ಬೆರಳು ತಾನಾಗಿ ಮುಂದೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

"ತಲೆ ಎತ್ತಿದ್ದನ್ನ ಚಿವುಟ್ರಾ. ಬುಡ ಒಣಗಕ್ಕೆ ಬಿಡಬ್ಯಾಡ. ಮದ್ವೆ ಮುಂದಕ್ಕೆ ಹಾಕ್ಬೋದು, ತಪ್ಸಕ್ಕಾಗಲ್ಲ."

ದನಿ ಅತ್ತೆಯದೇ. ಮಾತು ಅವಳು ಎಂದೂ ಆಡದ್ದು. ಆ ವಾರವೆಲ್ಲ ಬೆಳಿಗ್ಗೆ ಎದ್ದು ತಲೆಯೆತ್ತಿದ ದಂಟುಗಳನ್ನು ಚಿವುಟಿದೆ. ನೆಲಕ್ಕೆ ಅಂಟಿಕೊಂಡಿದ್ದ ಅಗಲ ಎಲೆಗಳ ಬುಡಕ್ಕೆ ಮಾತ್ರ ಕೈಯಿಂದ ನೀರು ಕುಡಿಸಿದೆ. ಒಂದು ಮೂಲೆಯ ಗಿಡಗಳು ನನ್ನ ಮಾತು ಕೇಳದೆ ಹೂ ಬಿಟ್ಟೇಬಿಟ್ಟವು. ಉಳಿದವು ನಿಂತವು.

ನಾಮಕರಣದ ಬೆಳಿಗ್ಗೆ ಕಿತ್ತು, ಬೇರು ತೊಳೆದು, ಬೇರೆಲ್ಲ ಒಂದೇ ಕಡೆ ಬರುವಂತೆ ಜೋಡಿಸಿ ಬಾಳೆನಾರಿನಿಂದ ಕಟ್ಟಿದೆ. ಅತ್ತೆ ಬಂದವಳು ನೀರನ್ನೂ ಕುಡಿಯದೆ ಎಲ್ಲಿ ಎಂದಳು. ನೆಂಟರೆಲ್ಲ ಕೂಸನ್ನು ಬಿಟ್ಟು ಕಟ್ಟಿನ ಸುತ್ತ ನೆರೆದರು. ಅವಳು ಹಿಡಿದು ನೋಡಿದಳು. ವರ್ಷಗಟ್ಟಲೆ ಕಳೆ ಕಿತ್ತ ಆ ದೊಡ್ಡ ಕೈಯಲ್ಲಿ ಹೆಬ್ಬೆರಳೂ ನಡುಬೆರಳೂ ನಿಧಾನವಾಗಿ ಹತ್ತಿರ ಬಂದು ಮುಟ್ಟಿದವು. ನನ್ನ ಎದೆ ಕುಸಿಯಿತು. ಆದರೆ ಬಾಯಿ ಕುಸಿಯುವುದಿಲ್ಲವಲ್ಲ. ಯಾರ ಕೈ ಎಂದು ಷರತ್ತಿನಲ್ಲಿ ಹೇಳಿಲ್ಲ ಎಂದೆ. ನನ್ನ ಕೈಯಲ್ಲಿ ಹಿಡಿದು ತೋರಿಸಿದೆ, ಮುಟ್ಟಲಿಲ್ಲ. ಖಾಲಾ ತಮ್ಮ ಸಣ್ಣ ಕೈಯಲ್ಲಿ ಹಿಡಿದರು, ಬೆರಳುಗಳ ನಡುವೆ ಸೂಜಿಯಲ್ಲ, ಕತ್ತರಿಯೇ ಹೋಗುವಷ್ಟು ಜಾಗ. ಖಾಲಾ ಗಂಭೀರವಾಗಿ, ಆಪಾ, ಹುಡುಗನದು ಸರಿಯಿದೆ ಎಂದರು.

ಅತ್ತೆ ಕಟ್ಟನ್ನು ತಿರುಗಿಸಿ ನಾರಿನ ಗಂಟನ್ನು ನೋಡಿದಳು. ಅದು ಅವಳೇ ಹಾಕುವ ಗಂಟು. ಅವಳ ಕೈಯನ್ನು ನೋಡಿ ನೋಡಿ ಅದೂ ನನಗೆ ಬಂದಿತ್ತು. "ಮಾಡು," ಎಂದಳು. "ನನ್ನೆದುರಿಗೆ. ಆಮೇಲೆ ಹೇಳ್ತೀನಿ."

ಅವಳು ಚಾಪೆಯ ಮೇಲೆ ಕೂತಳು. ಜನ ಸರಿದು ಜಾಗ ಬಿಟ್ಟರು. ನೂರು ಸಲ ಮಾಡಿದ ಆಟ. ಆದರೆ ಅಸಲು ಎದುರಿಗೆ ಕೂತಿರುವಾಗ ನಕಲಿಗೆ ತನ್ನ ಮೇಲೆಯೇ ಅನುಮಾನ ಬರುತ್ತದೆ ಎಂದು ಅಂದು ತಿಳಿಯಿತು. ಶುರು ಮಾಡಿದೆ. ತಾಯಿ, ಸವತಿ, ಸ್ನಾನ, ಮಣೆ. ಜನ ನಗಬೇಕೋ ಬೇಡವೋ ಎಂದು ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆಯ ಮುಖ ಬಾಗಿಲು ಹಾಕಿದ ಅಂಗಡಿ. ಭಯಕ್ಕೆ ನಾನು ನಿಲ್ಲಿಸದೆ ಮುಂದೆ ಮುಂದೆ ಹೋದೆ. ಹಾಗೆ ಹೋಗುತ್ತ, ಮದುವೆ ಮುಂದಕ್ಕೆ ಹಾಕಬಹುದು, ತಪ್ಪಿಸಲಿಕ್ಕಾಗುವುದಿಲ್ಲ ಎನ್ನುವುದೂ ಬಾಯಿಂದ ಬಂದುಬಿಟ್ಟಿತು.

ಅತ್ತೆ ಕೈಯೆತ್ತಿ ನಿಲ್ಲಿಸಿದಳು. "ಇದ್ಯಾವಾಗ ಅಂದೆ ನಾನು?"

"ನೀನು ಅಂದಿಲ್ಲ ಅತ್ತೆ. ಸೊಪ್ಪು ಹೂವಿಗೆ ಎದ್ದಾಗ ನೀನಿರ್ಲಿಲ್ಲ. ಅದಕ್ಕೆ ನಾನೇ ನಿನ್ನ ಬಾಯಲ್ಲಿ ಅಂದೆ."

ಅವಳು ಆ ಮಾತನ್ನು ತುಟಿಯಲ್ಲೇ ಒಮ್ಮೆ ಆಡಿ ನೋಡಿದಳು. ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು.

"ನಾನಿದ್ದಿದ್ರೂ ಅದೇ ಅಂತಿದ್ದೆ," ಎಂದಳು. ಆಮೇಲೆ ಎದ್ದು, ತಾನು ಊರಿಂದ ತಂದಿದ್ದ ಸೊಪ್ಪಿನ ಚೀಲವನ್ನು ಕಾಲಿನಿಂದ ಮೂಲೆಗೆ ಸರಿಸಿ, ನನ್ನ ಕಟ್ಟನ್ನು ಅಮ್ಮನ ಕೈಗೆ ಕೊಟ್ಟು ಕೋಸಂಬರಿಗೆ ಇದನ್ನೇ ಹಾಕು ಎಂದಳು. ನಮ್ಮ ಕಡೆ ತೀರ್ಪನ್ನು ಹೀಗೆಯೇ ಕೊಡುವುದು. ಜನ ಈಗ ಕೂಡಿಟ್ಟುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ನಕ್ಕರು, ಒಳಕೋಣೆಯಿಂದ ಅಕ್ಕನದು ಎಲ್ಲಕ್ಕಿಂತ ಜೋರು. ಅತ್ತೆ ಮಾತ್ರ ನನ್ನ ಮುಂದೆ ಬಂದು ನಿಂತು, ಕಟ್ಟು ಸಣ್ಣದೇ, ಅದಕ್ಕೆ ದಂಡ ಇದೆ ಎಂದಳು. ಇನ್ನು ಮೇಲೆ ಅವಳನ್ನು ಮಾಡುವುದಾದರೆ ಅವಳೆದುರಿಗೇ ಮಾಡಬೇಕು, ಬೆನ್ನ ಹಿಂದೆ ಕೂಡದು. ಇನ್ನೂ ಒಂದು ತಿದ್ದುಪಡಿ. "ಮಾತೆಲ್ಲಾ ಸರಿ. ಆದ್ರೆ ನಾನು ಹಂಗೆ ಸೊಂಟದ ಮೇಲೆ ಕೈ ಇಡಲ್ಲ ರಾ," ಎಂದಳು, ಎಡಗೈ ಸೊಂಟದ ಮೇಲಿಟ್ಟುಕೊಂಡು, ಬೆರಳನ್ನು ನನ್ನ ಮೂಗಿಗೆ ಹಿಡಿದು. ನಾನು ತಿದ್ದಿಕೊಳ್ಳುತ್ತೇನೆ ಎಂದೆ.

ನನ್ನ ಮಾತು ಕೇಳದೆ ಹೂ ಬಿಟ್ಟ ಮೂಲೆಯನ್ನು ನಾನು ಕೀಳಲಿಲ್ಲ. ಬಿಳಿ ಹೂ ಉದುರಿ ಹಸಿರು ಕಾಳು ಕಟ್ಟಿ, ಅದೂ ಕಂದು ಬಣ್ಣಕ್ಕೆ ತಿರುಗಿತು. ಮೊನ್ನೆ ಅತ್ತೆ ಫೋನು ಮಾಡಿದ್ದಳು. ಕೂಸಿನ ಕ್ಷೇಮ ಕೇಳಿದಮೇಲೆ, ಕಾಳು ಒಣಗಿತಾ, ಒಣಗಿದ್ದರೆ ಬೀಜಕ್ಕೆ ಎತ್ತಿಡು, ಹುರಿಯಬೇಡ ಎಂದು ನಿಮ್ಮಮ್ಮನಿಗೆ ಹೇಳು ಎಂದಳು. ಫೋನಿನಲ್ಲಿ ಅವಳಿದ್ದಾಳೆ ಎಂದರೆ ಎದುರಿಗೆ ಇದ್ದಂತೆಯೇ ಎಂದು ನಾನು ತೀರ್ಮಾನಿಸಿಕೊಂಡು, ಫೋನನ್ನು ಅಂಗೈಯಲ್ಲಿ ಹಿಡಿದು, ಅಡುಗೆಮನೆಯ ಕಡೆ ತಿರುಗಿ ಅವಳ ದನಿಯಲ್ಲೇ ಆ ಮಾತನ್ನು ದಾಟಿಸಿದೆ.

ಒಲೆಯ ಮುಂದಿನಿಂದ ಅಮ್ಮ, "ಆಯ್ತು ಅತ್ತಿಗೆ, ಹುರಿಯಲ್ಲ," ಎಂದಳು.